ದೇವರ ಗೂಡಿನ ಮುಂದಿನ ಕೆಂಪು ಚೌಕ

ಆ ಭಾನುವಾರ ನಮ್ಮ ಮನೆಯಲ್ಲಿ ನಡೆದ ದೊಡ್ಡ ಚರ್ಚೆ ಎಂದರೆ ಪ್ಲಾಸ್ಟಿಕ್ ದ್ರಾಕ್ಷಿಯದು.

ಹೊಸದಾಗಿ ಮಾಡಿಸಿದ ಅಡುಗೆಮನೆಗೆ ಏನಾದರೂ ಅಲಂಕಾರ ಬೇಕೆಂದು ನಾನು ಚಿಕ್ಕಪೇಟೆಯಿಂದ ಒಂದು ಗೊಂಚಲು ತಂದಿದ್ದೆ. ಹಸಿರು ದ್ರಾಕ್ಷಿ, ಜೊತೆಗೆ ಎರಡು ಎಲೆ, ಒಂದು ಸುರುಳಿ ಬಳ್ಳಿ. ಗ್ಯಾಸ್ ಒಲೆಯ ಪಕ್ಕದ ಗೋಡೆಗೆ ಮೊಳೆ ಹೊಡೆದು ನೇತುಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ನನ್ನ ಅಭಿರುಚಿಯನ್ನು ನಾನೇ ಮೆಚ್ಚಿಕೊಂಡಿದ್ದೆ. ಒಗ್ಗರಣೆಯ ಹೊಗೆ ಕುಡಿದು ಕುಡಿದು ಅದು ಕೆಲವೇ ವಾರಗಳಲ್ಲಿ ಕಂದು ಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು.

“ರೀ, ಅದನ್ನ ಇಳಿಸ್ತೀರಾ ಇಲ್ವಾ?” ಎಂದಳು ನನ್ನ ಹೆಂಡತಿ.

“ಇರ್ಲಿ ಕಣೇ, ಅಂದವಾಗಿದೆ.”

“ಅಂದ! ನಿನ್ನೆ ಹಾಲಿನವಳು ಕೇಳಿದ್ಲು, ಯಾಕಮ್ಮಾ ಹುಣಸೆಹಣ್ಣು ಗೋಡೆಗೆ ನೇತಾಕಿದೀರ ಅಂತ.”

“ಸೋಪು ಹಾಕಿ ತೊಳೀತೀನಿ ಬಿಡು. ನಾಳೆ.”

“ನಾಳೆ ಸೋಮವಾರ. ಬೆಳಿಗ್ಗೆ ಈ ಕಡೆ ಸುಳೀಬೇಡಿ.”

ಹೀಗೆ ಮಾತಾಡುತ್ತಲೇ ಅವಳು ದೇವರ ಗೂಡಿನ ಮುಂದೆ ಮಂಡಿಯೂರಿ ಕುಳಿತು, ಹೊಸ ಮೊಸಾಯಿಕ್ ನೆಲದ ನಡುವೆ ಉಳಿದಿದ್ದ ಕೆಂಪು ಗಾರೆಯ ಚೌಕವನ್ನು ಒರೆಸುತ್ತಿದ್ದಳು. ಮೊದಲು ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ, ಕೊನೆಗೆ ಒಂದೇ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸೋಕಿಸಿದ ಹಳೆಯ ಸೀರೆಯ ಚೂರು. ಸೋಮವಾರದ ದೊಡ್ಡ ರಂಗೋಲಿಗೆ ಭಾನುವಾರವೇ ನೆಲ ಸಿದ್ಧವಾಗಬೇಕಿತ್ತು. ಸಂಜೆ ಅವರೆಕಾಳಿನ ಹುಳಿ ಮಾಡಿದಳು. ಉಪ್ಪು ಕಡಿಮೆ ಎಂದೆ. ನಾಲಿಗೆಗೂ ಮೊಸಾಯಿಕ್ ಹಾಕಿಸ್ಕೊಂಡಿದೀರಾ ಎಂದಳು.

ಸೋಮವಾರ ಬೆಳಿಗ್ಗೆ ಅವಳು ಏಳಲಿಲ್ಲ. ಕಾಫಿಯ ವಾಸನೆ ಬರಲಿಲ್ಲವಲ್ಲ ಎಂದು ಹೋಗಿ ಕರೆದೆ. ಹೃದಯ ನಿಂತಿದೆ, ನಿದ್ದೆಯಲ್ಲೇ ಆಗಿದೆ ಎಂದರು ಡಾಕ್ಟರು.

ಅವಳ ಬಗ್ಗೆ ದೊಡ್ಡ ಮಾತು ಬರೆಯಲು ನನಗೆ ಬರುವುದಿಲ್ಲ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಕೆಲಸ ಕಾರ್ಖಾನೆಯ ಸ್ಟೋರ್ಸಿನಲ್ಲಿ, ಕೇಳಿದವರಿಗೆ ನಟ್ಟು ಬೋಲ್ಟು ಎಣಿಸಿ ಕೊಡುವುದು. ಆದ್ದರಿಂದ ಆ ಕೆಂಪು ಚೌಕ ನಮ್ಮ ಮನೆಯಲ್ಲಿ ಹೇಗೆ ಉಳಿಯಿತು ಎಂಬುದನ್ನಷ್ಟೇ ಬರೆಯುತ್ತೇನೆ.

ನಮ್ಮದು ರಾಜಾಜಿನಗರದ ಸಾಲುಮನೆ. ಹಜಾರ, ಒಂದು ಕೋಣೆ, ಅಡುಗೆಮನೆ. ಮಕ್ಕಳಿಲ್ಲದ ಇಬ್ಬರಿಗೆ ಅದೇ ಹೆಚ್ಚು. ಅಡುಗೆಮನೆಯಲ್ಲೇ ಒಂದು ಗೋಡೆಯಲ್ಲಿ ದೇವರ ಗೂಡು. ನೆಲ ಮನೆಯಲ್ಲೆಲ್ಲ ಕೆಂಪು ಗಾರೆ. ನಾವು ಬಂದಾಗ ಅದು ಇಟ್ಟಿಗೆ ಪುಡಿಯಂತೆ ಮಂಕಾಗಿತ್ತು. ಹಜಾರದ ನೆಲ ಈಗಲೂ ಹಾಗೇ ಇದೆ. ಅಡುಗೆಮನೆಯದನ್ನು ಮಾತ್ರ ಅವಳು ವರ್ಷಗಟ್ಟಲೆ ಒರೆಸಿ ಒರೆಸಿ ಮುಖ ಕಾಣುವಂತೆ ಮಾಡಿದ್ದಳು. ಬಗ್ಗಿ ನೋಡಿದರೆ ನನ್ನ ಮುಖ ಕೆಂಪಗೆ ಕಾಣುತ್ತಿತ್ತು. ಅಷ್ಟು ಬಣ್ಣ ನನ್ನ ಮುಖಕ್ಕೆ ಬೇರೆಲ್ಲೂ ಬಂದದ್ದಿಲ್ಲ.

ಎಪ್ಪತ್ತರ ದಶಕದ ನಡುವೆ ಒಂದು ದಿನ ಗ್ಯಾಸ್ ಬಂತು. ಹೆಸರು ಬರೆಸಿ ನಾವೇ ಮರೆತುಬಿಟ್ಟಿದ್ದ ಗ್ಯಾಸು. ಸಿಲಿಂಡರಿಗಿಂತ ಒಲೆ ಎತ್ತರದಲ್ಲಿರಬೇಕು, ಕಟ್ಟೆ ಕಟ್ಟಿಸಿ ಎಂದು ಗ್ಯಾಸಿನವರು ಹೇಳಿಹೋದರು. ಒಂದು ಕಟ್ಟೆ, ಅದರ ಮೇಲೊಂದು ಕಡಪಾ ಕಲ್ಲು. ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಆ ಕಾಲಕ್ಕೆ ನಮ್ಮ ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಮೊಸಾಯಿಕ್. ಯಾರ ಮನೆಯ ನೆಲದಲ್ಲಿ ಯಾವ ಬಣ್ಣದ ಕಲ್ಲಿನ ಚೂರು ಎಂಬುದು ಕ್ಯಾಂಟೀನಿನ ಮುಖ್ಯ ಸುದ್ದಿ. ಕಟ್ಟೆಗೆ ಹೇಗೂ ಮೇಸ್ತ್ರಿ ಬರುತ್ತಾನೆ, ನೆಲವೂ ಆಗಿಹೋಗಲಿ ಎಂದು ನಾನು ಮನೆಯಲ್ಲಿ ಘೋಷಿಸಿದೆ.

ಅಂದಿನಿಂದ ನನಗೆ ಹುಚ್ಚು ಹಿಡಿಯಿತು. ಮಾಗಡಿ ರಸ್ತೆಯ ಅಂಗಡಿಗಳಿಂದ ಅಂಗೈಯಗಲದ ಮಾದರಿ ಬಿಲ್ಲೆಗಳನ್ನು ತರತೊಡಗಿದೆ. ಹಳದಿಯಲ್ಲಿ ಕಪ್ಪು ಚೂರು, ಬಿಳಿಯಲ್ಲಿ ಹಸಿರು ಚೂರು, ಬೂದು ಬಣ್ಣದಲ್ಲಿ ಎಲ್ಲ ಬಣ್ಣದ ಚೂರು. ಪೇಪರಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದಾಗ ಪಕ್ಕದ ಅಜ್ಜಿ, “ಕೊಬ್ಬರಿ ಮಿಠಾಯಾ ಮಗಾ? ಯಾವ ಅಂಗಡಿದು?” ಎಂದು ಕೇಳಿದಳು. ಮನೆಗೆ ತಂದು ಕಿಟಕಿಯ ಅಂಚಿನಲ್ಲಿ ಸಾಲಾಗಿ ಜೋಡಿಸಿ ಬೆಳಗಿನ ಬೆಳಕಲ್ಲಿ ಒಮ್ಮೆ, ಸಂಜೆ ಬೆಳಕಲ್ಲಿ ಒಮ್ಮೆ ನೋಡುತ್ತಿದ್ದೆ. ನಡೆದರೆ ಹೇಗಿರುತ್ತದೆ ಎಂದು ತಿಳಿಯಲು ನೆಲದಲ್ಲಿಟ್ಟು ಕಾಲ್ಬೆರಳುಗಳನ್ನಷ್ಟೇ ಊರಿ ನಿಲ್ಲುತ್ತಿದ್ದೆ. ಬಿಲ್ಲೆ ಅಷ್ಟೇ ದೊಡ್ಡದಿತ್ತು.

“ಸಾಸಿವೆ ಬಿದ್ರೆ ಕಾಣುತ್ತಾ ಇದ್ರಲ್ಲಿ?” ಎಂದು ಅವಳು ಕೇಳಿದಳು.

“ಕಾಣಲ್ಲ! ಅದೇ ಅದರ ವಿಶೇಷ. ಕೊಳೆನೇ ಕಾಣಲ್ಲ.”

“ಕಾಣದೆ ಇದ್ರೆ ಇಲ್ಲ ಅಂತಾನಾ?”

ನೋಡಿದರೆ ಒಪ್ಪುತ್ತಾಳೆ ಎಂದು ಒಂದು ಭಾನುವಾರ ಅವಳನ್ನು ಹೊಸಹಳ್ಳಿಗೆ ಕರೆದುಕೊಂಡು ಹೋದೆ. ನನ್ನ ಜೊತೆ ಸ್ಟೋರ್ಸಿನಲ್ಲೇ ಕೆಲಸ ಮಾಡುವ ಗೆಳೆಯ ಅಲ್ಲಿ ಆಗತಾನೇ ಮನೆ ಕಟ್ಟಿಸಿದ್ದ. ಬಾಗಿಲಿನಿಂದ ಹಿತ್ತಲವರೆಗೂ ಮೊಸಾಯಿಕ್. ನಾನು ಕ್ಷೇತ್ರಕ್ಕೆ ಬಂದವನ ಹಾಗೆ ಒಳಗೆಲ್ಲ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿದೆ. ಗೆಳೆಯ ಹಿಂದೆ ಹಿಂದೆ ಬಂದು ಯಾವ ಕೋಣೆಗೆ ಎಷ್ಟು ಸಲ ಪಾಲಿಶ್ ಹೊಡೆಸಿದ ಎಂದು ಹೇಳುತ್ತಿದ್ದ. ಅವಳು ಕಾಫಿ ಕುಡಿದು, ಲೋಟ ಕೆಳಗಿಟ್ಟು, ಗೆಳೆಯನ ಹೆಂಡತಿಯನ್ನು ಮೆಲ್ಲಗೆ ಕೇಳಿದಳು: “ಒಂದು ಚಿಟಿಕೆ ರಂಗೋಲಿ ಪುಡಿ ಇದ್ರೆ ಕೊಡ್ತೀರಾ?”

ಅವರು ಬಟ್ಟಲೇ ತಂದುಕೊಟ್ಟರು. ಇವಳು ದೇವರ ಮುಂದೆ ಕುಳಿತು ಒಂದು ಉದ್ದ ಎಳೆ ಎಳೆದಳು. ಎಳೆ ಅರ್ಧಕ್ಕೆ ಮಾಯವಾಯಿತು. ಎಳೆದದ್ದು ಪೂರ್ತಿಯೇ, ಬಿಳಿ ಚೂರುಗಳ ನಡುವೆ ಬಿಳಿ ಪುಡಿ ಕಾಣಲಿಲ್ಲ, ಅಷ್ಟೇ.

“ಅಯ್ಯೋ, ಅದೊಂದು ಕಷ್ಟ ಕಣ್ರೀ,” ಎಂದರು ಗೆಳೆಯನ ಹೆಂಡತಿ. “ನಾನು ಹಾಕೋದೇ ಬಿಟ್ಟೆ. ಮೂಲೇಲಿ ನೋಡಿ, ಪೈಂಟಲ್ಲೇ ಬರೆಸಿಬಿಟ್ಟಿದೀನಿ. ವರ್ಷಕ್ಕೊಂದ್ಸಲ ತಿದ್ದಿದ್ರೆ ಆಯ್ತು.”

ಹಿಂದಿರುಗುವಾಗ ಅವಳು ಬಸ್ ಸ್ಟಾಪಿನಲ್ಲಿ ನಿಂತು ಬೆರಳಿಗಂಟಿದ್ದ ರಂಗೋಲಿ ಪುಡಿ ಒರೆಸಿಕೊಂಡಳು. ಆಮೇಲೆ, “ದೇವರಿಗೆ ಇನ್ಮೇಲೆ ಊಟಾನೂ ಪೈಂಟಲ್ಲೇ ಬರೆದಿಡೋಣ್ವಾ?” ಎಂದಳು.

“ಬಣ್ಣದ ಪುಡಿ ಹಾಕು. ಕಪ್ಪು ಹಾಕು.”

“ದೇವರ ಮುಂದೆ ಕಪ್ಪು ರಂಗೋಲಿ! ಬುದ್ಧಿ ಎಲ್ಲಿಟ್ಟಿದೀರ? ಕೇಳಿ ಇಲ್ಲಿ. ಕಟ್ಟೆ ಕಟ್ಟಿಸಿ, ಮಿಕ್ಕ ನೆಲಾನೂ ನಿಮ್ಮಿಷ್ಟ. ದೇವರ ಗೂಡಿನ ಮುಂದೆ ನಾನು ಕೂತು ರಂಗೋಲಿ ಹಾಕೋವಷ್ಟು ಜಾಗ ಮಾತ್ರ ಕೆಂಪಗೇ ಬಿಡ್ಸಿ. ಬೇರೇನೂ ಕೇಳಲ್ಲ.”

“ಹೊಸ ಪಂಚೆಗೆ ತೇಪೆ ಹಾಕಿದ ಹಾಗಿರುತ್ತೆ ಕಣೇ. ನೋಡಿದವರು ಏನಂತಾರೆ?”

“ತೇಪೆ ಹಾಕಿದ ಪಂಚೆ ನೀವು ಉಟ್ಟೇ ಇಲ್ಲ ನೋಡಿ!”

ನಾನು ಆಗುವುದಿಲ್ಲ ಎಂದೆ. ಮಾರನೆಯ ದಿನವೂ ಅಂದೆ, ಮಾರನೆಯ ವಾರವೂ ಅಂದೆ. ಕಡೆಗೆ ಅವಳು ಸುಮ್ಮನಾದಳು. ನಾನು ಗೆದ್ದೆ ಎಂದುಕೊಂಡು ಬೂದು ಬಣ್ಣದಲ್ಲಿ ಎಲ್ಲ ಚೂರೂ ಇರುವ ನೆಲಕ್ಕೆ ಮೇಸ್ತ್ರಿಗೆ ಹೇಳಿಬಂದೆ. ಮದುವೆಯಾಗಿ ಇಪ್ಪತ್ತು ವರ್ಷ ಮೀರಿದ್ದ ಗಂಡಸು ಹೆಂಡತಿಯ ಮೌನವನ್ನು ಒಪ್ಪಿಗೆ ಎಂದು ತಿಳಿದನೆಂದರೆ ಅವನ ಕೈಗೆ ಸ್ಟೋರ್ಸಿನ ಬೀಗದ ಕೈ ಹೇಗೆ ಕೊಟ್ಟಿದ್ದರೋ.

ನೆಲ ಒಡೆಯುವ ದಿನ ಬೆಳಿಗ್ಗೆ ಮೇಸ್ತ್ರಿ ಆಳುಗಳೊಂದಿಗೆ ಬಂದ. ಅವಳು ಸ್ನಾನ ಮಾಡಿ, ದೇವರ ಗೂಡಿನ ಮುಂದೆ ರಂಗೋಲಿ ಹಾಕಿ, ಹಣೆಗೆ ವಿಭೂತಿ ಧರಿಸಿ, ಮಣೆಯ ಮೇಲೆ ಕುಳಿತು ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ತೊಡಗಿದ್ದಳು. ನಮ್ಮಲ್ಲಿ ಲಿಂಗಪೂಜೆಗೆ ಕೂತವರನ್ನು ಮುಟ್ಟುವ ಹಾಗಿಲ್ಲ, ಮಾತಾಡಿಸುವ ಹಾಗೂ ಇಲ್ಲ. ದಿನಾ ಅವಳ ಪೂಜೆ ಅನ್ನ ಕುದಿಯುವಷ್ಟರಲ್ಲಿ ಮುಗಿಯುತ್ತಿತ್ತು. ಅವತ್ತು ಮುಗಿಯಲೇ ಇಲ್ಲ. ಆಳುಗಳು ಬೀಡಿ ಸೇದಿ ಮುಗಿಸಿದರು. ಮೇಸ್ತ್ರಿ ಬಾಗಿಲಲ್ಲಿ ಇಣುಕಿದ. ನಾನೂ ಇಣುಕಿದೆ. ಕಣ್ಣು ಮುಚ್ಚಿ ಕೂತಿದ್ದಾಳೆ, ತುಟಿ ಅಲ್ಲಾಡುತ್ತಿದೆ. ಗಟ್ಟಿಯಾಗಿ ಕೆಮ್ಮಿದೆ. ತುಟಿ ಇನ್ನೂ ಜೋರಾಗಿ ಅಲ್ಲಾಡಿತು.

“ಏನ್ ಸಾರ್,” ಎಂದ ಮೇಸ್ತ್ರಿ, “ಅಮ್ಮಾವ್ರು ಏಳ್ತಾರಾ, ಇಲ್ಲ ಅವರ ಸುತ್ತ ಹಾಕ್ಬಿಡ್ಲಾ?”

ತಮಾಷೆಗೆ ಕೇಳಿದ್ದು. ಆದರೆ ಅವಳ ಮುಚ್ಚಿದ ಕಣ್ಣಿನ ಕೆಳಗೆ ಬಾಯಿಯ ಒಂದು ತುದಿ ಮೇಲೆ ಹೋದದ್ದನ್ನು ನಾನು ನೋಡಿದೆ. ನನಗೆ ಕಾರ್ಖಾನೆಯ ಸೈರನ್ನಿನ ಹೊತ್ತಾಗುತ್ತಿತ್ತು. ಪೂಜೆಗೆ ಕೂತವಳನ್ನು ಎಬ್ಬಿಸಿ ಪಾಪ ಕಟ್ಟಿಕೊಳ್ಳುವ ಧೈರ್ಯವೂ ಇರಲಿಲ್ಲ. “ಸದ್ಯಕ್ಕೆ ಸುತ್ತ ಒಡೀರಪ್ಪ, ಅದನ್ನ ಆಮೇಲೆ ನೋಡೋಣ,” ಎಂದು ಊಟದ ಡಬ್ಬಿ ತೆಗೆದುಕೊಂಡು ಹೊರಟುಬಿಟ್ಟೆ.

ಸಂಜೆ ಬಂದು ನೋಡಿದರೆ ಅಡುಗೆಮನೆಯೆಲ್ಲ ಅಗೆದ ಗುಂಡಿ. ದೇವರ ಗೂಡಿನ ಮುಂದೆ ಮಾತ್ರ ದ್ವೀಪದಂತೆ ಒಂದು ಕೆಂಪು ಚೌಕ. ಅವಳೂ ಮಣೆಯೂ ರಂಗೋಲಿಯೂ ಸೇರಿ ಎಷ್ಟು ಜಾಗವೋ ಅಷ್ಟು. ಮೇಸ್ತ್ರಿ ಸುತ್ತ ದಾರ ಹಿಡಿದು ಗೆರೆ ಕೂಡ ಹಾಕಿಬಿಟ್ಟಿದ್ದ. ಅವಳು ತಲೆಯ ಮೇಲಿನ ಗಾರೆಯ ಧೂಳು ಕೊಡವಿಕೊಳ್ಳುತ್ತಿದ್ದಳು. ದ್ವೀಪದ ಒಂದು ಮೂಲೆ ಉಳಿ ಜಾರಿ ಎಗರಿಹೋಗಿತ್ತು.

“ಮೂಲೆ ಒಡೆದುಹಾಕಿದಾರಲ್ಲೇ,” ಎಂದೆ. ಅದೇ ನೆಪವಾಗಿ ಪೂರ್ತಿ ತೆಗೆಸಬಹುದೇನೋ ಎಂಬ ಆಸೆ ಇನ್ನೂ ಇತ್ತು.

“ಇರ್ಲಿ ಬಿಡಿ. ಅಷ್ಟನ್ನ ನಾನು ತಿರುಗಿಸ್ಕೋತೀನಿ.”

ಏನನ್ನು ತಿರುಗಿಸಿಕೊಳ್ಳುವುದು ಎಂದು ನಾನು ಕೇಳಲಿಲ್ಲ.

ಮೊಸಾಯಿಕ್ ಬಂತು. ಪಾಲಿಶ್ ಯಂತ್ರ ಗಿರಗಿರನೆ ಸುತ್ತಿ ಗೋಡೆಗೆಲ್ಲ ಬೂದು ನೀರು ಎರಚಿತು. ಒಡೆದ ಮೂಲೆಯ ಜಾಗಕ್ಕೂ ಮೊಸಾಯಿಕ್ಕೇ ತುಂಬಿದರು. ಎಲ್ಲ ಮುಗಿದಾಗ ಹೊಸ ನೆಲ ಹಳೆಯ ಚೌಕಕ್ಕಿಂತ ಅರ್ಧ ಬೆರಳು ಮೇಲಿತ್ತು. ಅಂದರೆ ನಮ್ಮ ಅಡುಗೆಮನೆಯಲ್ಲಿ ತೇಪೆ ಮಾತ್ರವಲ್ಲ, ತಗ್ಗೂ ಇತ್ತು.

ಕಾರ್ಖಾನೆಯ ನಾಲ್ಕು ಜನರನ್ನು ಊಟಕ್ಕೆ ಕರೆದ ದಿನ ನಾನು ಆ ಚೌಕದ ಮೇಲೆ ಕಾಲೊರೆಸುವ ಚಾಪೆ ಹಾಸಿದೆ. ಅವಳು ತೆಗೆದಳು. ನಾನು ಮತ್ತೆ ಹಾಸಿದೆ. ಹೊಸಹಳ್ಳಿಯ ಗೆಳೆಯ ನೆಲ ನೋಡಲು ಒಳಗೆ ಬಂದ. ಚಾಪೆಯ ಮೇಲೆ ಕಾಲಿಟ್ಟು, ತಗ್ಗಿಗೆ ಮುಗ್ಗರಿಸಿ, ಕಡಪಾ ಕಟ್ಟೆ ಹಿಡಿದುಕೊಂಡ. ಚಾಪೆ ಎತ್ತಿ ನೋಡಿದ.

“ಏನ್ ಗುರು, ಸ್ಟೋರ್ ಕೀಪರ್ ಮನೇಲೇ ಸ್ಟಾಕ್ ಶಾರ್ಟೇಜಾ?”

“ಇಲ್ಲಪ್ಪ, ಅದು... ಡಿಸೈನು.”

ಕಟ್ಟೆಯ ಹತ್ತಿರ ಪಾಯಸ ತೊಳಸುತ್ತಿದ್ದ ಅವಳು ಸೌಟು ಕೈಬಿಟ್ಟು ನಕ್ಕಳು. ಸೆರಗು ಬಾಯಿಗಿಟ್ಟುಕೊಂಡರೂ ನಗು ನಿಲ್ಲಲಿಲ್ಲ. ಅಲ್ಲಿಂದ ಮುಂದೆ ಅದರ ಹೆಸರೇ ಹಾಗಾಯಿತು. “ನಿಮ್ಮ ಡಿಸೈನ್ ಒರೆಸ್ತಾ ಇದೀನಿ, ದಾಟ್ಕೊಂಡು ಹೋಗಿ.” “ನಿಮ್ಮ ಡಿಸೈನ್ ಮೇಲೆ ನೀರು ಚೆಲ್ಲಿದೀರ.” ಕಾರ್ಖಾನೆಯಲ್ಲಿಯೂ ಯಾವುದಾದರೂ ಸಾಮಾನು ಖಾಲಿಯಾದರೆ, ಶಾರ್ಟೇಜ್ ಅಲ್ಲ ಡಿಸೈನು ಎನ್ನತೊಡಗಿದರು.

ಗ್ಯಾಸ್ ಮಾತ್ರ ಪರವಾಗಿಲ್ಲ, ಕಣ್ಣುರಿ ಹೋಯಿತು ಎಂದು ಅವಳು ಒಪ್ಪಿಕೊಂಡಳು. ಮೊಸಾಯಿಕ್ಕಿನ ಬಗ್ಗೆ ಒಪ್ಪಲಿಲ್ಲ, ಒಪ್ಪಬೇಕಾದ ಕಾರಣವನ್ನು ಆ ನೆಲವೂ ಕೊಡಲಿಲ್ಲ. ಸಾಸಿವೆ ಬಿದ್ದರೆ ಕಾಲಿಗೆ ಸಿಗುತ್ತಿತ್ತು, ಕಣ್ಣಿಗಲ್ಲ. ಒಂದು ಬೆಳಿಗ್ಗೆ ನನ್ನ ಅಂಗಿಯ ಗುಂಡಿ ಬಿದ್ದು, ನಾನು ನಾಲ್ಕು ಕಾಲಲ್ಲಿ ಅಡುಗೆಮನೆಯೆಲ್ಲ ತೆವಳಿ ಹುಡುಕಿದೆ. ಅವಳು ಕಟ್ಟೆಗೆ ಒರಗಿ ನಿಂತು, “ಕೊಳೆ ಕಾಣಲ್ಲ ಅಂದ್ರಿ. ಗುಂಡಿನೂ ಕಾಣಲ್ಲ. ಸದ್ಯ, ನೀವಾದ್ರೂ ಕಾಣ್ತೀರಲ್ಲ,” ಎಂದಳು.

ಅವಳು ಹೋದ ದಿನ ಮನೆಯಲ್ಲಿ ಜನ ತುಂಬಿದರು. ಯಾರೋ ಹಜಾರದಿಂದ ಅಡುಗೆಮನೆಯ ಬಾಗಿಲವರೆಗೆ ಜಮಖಾನ ಹಾಸಿದರು. ಮಣ್ಣು ಮಾಡಿ ಬಂದೆವು. ಹನ್ನೊಂದನೆಯ ದಿನದ ಕಾರ್ಯ ಮುಗಿದು ಎಲ್ಲರೂ ಹೊರಟ ಮೇಲೆ ಜಮಖಾನ ಸುತ್ತಿಟ್ಟೆ. ಮೊಸಾಯಿಕ್ ಹೇಗಿತ್ತೋ ಹಾಗೇ ಇತ್ತು. ಅದರಲ್ಲಿ ಏನೂ ಕಾಣುವುದಿಲ್ಲವಲ್ಲ. ಕೆಂಪು ಚೌಕ ಮಾತ್ರ ಮಂಕಾಗಿತ್ತು. ಎಷ್ಟೋ ಜನರ ಹೆಜ್ಜೆಯ ಧೂಳು ಒಂದೊಂದೂ ಅಲ್ಲಿ ಕಾಣುತ್ತಿತ್ತು.

ಒರೆಸಿದೆ. ಒದ್ದೆ ಬಟ್ಟೆ, ಒಣ ಬಟ್ಟೆ, ಕೊಬ್ಬರಿ ಎಣ್ಣೆ. ತೊಟ್ಟು ಎಷ್ಟು ಎಂಬ ಅಂದಾಜು ತಪ್ಪಿ ಒಗ್ಗರಣೆಗೆ ಹಾಕುವಷ್ಟು ಹಾಕಿದೆ. ನೀರಿನ ಕೊಡದ ಹತ್ತಿರ ಹೋಗುವಾಗ ಜಾರಿ, ಕೂತೇ ಕಟ್ಟೆಯವರೆಗೆ ಹೋದೆ. ಸದ್ದು ಕೇಳಿ ಪಕ್ಕದ ಮನೆಯಾಕೆ ಓಡಿಬಂದರು. ಹೊಸ ನೆಲ ಜಾರುತ್ತೆ ಎಂದೆ. ನನ್ನ ಮೊಸಾಯಿಕ್ಕಿಗೆ ನಾನೇ ಹೊರಿಸಿದ ಮೊದಲ ಅಪವಾದ ಅದು, ಅದೂ ಸುಳ್ಳು.

ಮುಂದಿನ ಸೋಮವಾರ ಬೆಳಿಗ್ಗೆ ಆ ಖಾಲಿ ಚೌಕ ನೋಡಲಾಗಲಿಲ್ಲ. ಅಷ್ಟು ಹಟ ಹಿಡಿದು ಉಳಿಸಿಕೊಂಡ ಜಾಗ ಬರಿದಾಗಿರುವುದು ಸರಿಯಲ್ಲ ಅನ್ನಿಸಿತು. ಸೋಮವಾರದ ರಂಗೋಲಿ ನನಗೆ ಗೊತ್ತಿತ್ತು, ಗೊತ್ತಿತ್ತು ಎಂದುಕೊಂಡಿದ್ದೆ. ನಡುವೆ ಲಿಂಗ, ಸುತ್ತ ಕಮಲದ ದಳ, ನಾಲ್ಕು ಮೂಲೆಗೆ ನಾಲ್ಕು ಬಿಲ್ವದೆಲೆ. ಬಿಡದ ಒಂದೇ ಎಳೆಯಲ್ಲಿ ಹೊರಟು, ಎಲ್ಲ ಸುತ್ತಿ, ಹೊರಟಲ್ಲಿಗೇ ಬಂದು ಸೇರುತ್ತಿತ್ತು. ನಾನು ಪುಡಿ ಹಿಡಿದರೆ ಹೊಲಕ್ಕೆ ಗೊಬ್ಬರ ಎರಚಿದಂತೆ ಬಿತ್ತು. ಬಳಪ ಮತ್ತು ಸ್ಕೇಲು ತಂದು ಗೆರೆ ಹಾಕತೊಡಗಿದೆ. ಹಾಲು ಕೊಡಲು ಬಂದ ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತರು.

“ಏನ್ರೀ ಅದು, ಸೈಟಿನ ಪ್ಲಾನಾ?”

“ರಂಗೋಲಿ.”

ಅವರು ಹಾಲಿನ ಲೋಟ ಬಾಗಿಲ ಪಕ್ಕ ಇಟ್ಟು ಬಗ್ಗಿ ನೋಡಿದರು. “ಬಾಗಿಲ ಮುಂದೆ ಹಾಕ್ತಿದ್ದಿದ್ದು ನಂಗೊತ್ತು,” ಎಂದರು. “ಒಳಗಿಂದು ನೋಡಿಲ್ಲ ಕಣ್ರೀ.”

ತಿಂಗಳ ಕಾರ್ಯಕ್ಕೆ ಅವಳ ತಂಗಿ ತುಮಕೂರಿನಿಂದ ಬಂದಳು. ನಾನು ಸಂಕೋಚ ಬಿಟ್ಟು ಕೇಳಿದೆ. ಅದು ನಮ್ಮಮ್ಮ ಹೇಳಿಕೊಟ್ಟಿದ್ದು ಎಂದು ಆಕೆ ಕೂತು ಸರಸರನೆ ಎಳೆದಳು. ಲಿಂಗ ಬಂತು, ಕಮಲ ಬಂತು, ಮೂರು ಎಲೆ ಬಂತು. ನಾಲ್ಕನೆಯ ಎಲೆ ಒಡೆದ ಮೂಲೆಯ ಕಡೆ ಹೋಗಿ, ಮೊಸಾಯಿಕ್ಕಿಗೆ ಹತ್ತಿ, ಅಲ್ಲಿ ಮಾಯವಾಯಿತು.

“ಅಲ್ಲಮ್ಮ,” ಎಂದೆ. “ಅಲ್ಲಿ ಹಾಗಿರಲಿಲ್ಲ. ನಿಮ್ಮಕ್ಕನದು ಪೂರ್ತಿ ಒಳಗೇ ಇರ್ತಿತ್ತು. ಅಲ್ಲಿ ಏನೋ ತಿರುಗಿಸ್ತಿದ್ಲು.”

“ನಂಗೆ ನಮ್ಮಮ್ಮಂದಷ್ಟೇ ಗೊತ್ತು ಭಾವ. ಮೂಲೆ ಒಡೆದ ಮೇಲೆ ಅಕ್ಕ ಬದಲಾಯಿಸ್ಕೊಂಡಿರ್ತಾಳೆ. ಹೆಂಗೆ ತಿರುಗಿಸ್ತಿದ್ಲು? ಹಿಂಗಾ? ಹಿಂಗಾ?” ಅಳಿಸಿ ಅಳಿಸಿ ತೋರಿಸಿದಳು. ಒಂದರಲ್ಲಿ ಎಳೆ ಕಮಲವನ್ನು ಕತ್ತರಿಸಿತು, ಇನ್ನೊಂದರಲ್ಲಿ ಹೊರಟಲ್ಲಿಗೆ ಸೇರಲಿಲ್ಲ.

“ಅಲ್ಲ. ಅದಲ್ಲ.”

“ನೀವು ವಾರವಾರ ನೋಡ್ತಿದ್ರಲ್ಲ ಭಾವ.”

ನೋಡುತ್ತಿದ್ದೆ. ಸೋಮವಾರ ಸೋಮವಾರ, ನೀರು ಕುಡಿಯಲು ಹೋಗುವಾಗ, ಪಂಚೆ ಎತ್ತಿಕೊಂಡು, ತುಳಿದರೆ ಬೈಗುಳ ತಿನ್ನಬೇಕಲ್ಲ ಎಂದು ದಾಟುತ್ತಿದ್ದೆ. ಹಳದಿಯಲ್ಲಿ ಕಪ್ಪು ಚೂರು ಹೇಗಿರುತ್ತದೆ, ಬಿಳಿಯಲ್ಲಿ ಹಸಿರು ಚೂರು ಹೇಗಿರುತ್ತದೆ ಎಂದು ಕೇಳಿದರೆ ಕಣ್ಣು ಮುಚ್ಚಿ ಈಗಲೂ ಹೇಳುತ್ತೇನೆ.

ದ್ರಾಕ್ಷಿ ಗೊಂಚಲನ್ನು ಇಳಿಸಿ ಸೋಪು ಹಾಕಿ ತೊಳೆದೆ. ಕಂದು ಬಣ್ಣದ ಜೊತೆ ಹಸಿರೂ ಹೋಯಿತು. ಗೋಡೆಯಲ್ಲಿ ಮೊಳೆ ಇದೆ.

ಈಗ ಭಾನುವಾರ ಚೌಕ ಒರೆಸುತ್ತೇನೆ. ಎಣ್ಣೆಯ ಅಂದಾಜು ಸಿಕ್ಕಿದೆ. ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ ಕೂತು ರಂಗೋಲಿ ಹಾಕುತ್ತೇನೆ. ಸ್ಕೇಲು ಬಿಟ್ಟಿದ್ದೇನೆ. ಲಿಂಗ ಸ್ವಲ್ಪ ಸೊಟ್ಟ ಬರುತ್ತದೆ, ಕಮಲ ಹೂಕೋಸಿನ ಹಾಗೆ ಬರುತ್ತದೆ, ಬಿಲ್ವದೆಲೆ ಪರವಾಗಿಲ್ಲ. ಮೂರು ಮೂಲೆ ಮುಗಿಸಿ ನಾಲ್ಕನೆಯದಕ್ಕೆ ಬಂದು ಕೈ ನಿಲ್ಲುತ್ತದೆ. ಒಡೆದ ಮೂಲೆಯ ಹತ್ತಿರ ಅವಳು ಆ ಎಳೆಯನ್ನು ಯಾವ ಕಡೆಗೆ ತಿರುಗಿಸುತ್ತಿದ್ದಳು ಎಂಬುದು ನನಗೆ ಗೊತ್ತಿಲ್ಲ. ಆ ಎಲೆಯ ಜಾಗ ಖಾಲಿ ಇದೆ.